ವಲ್ಲಿಯ ಕೆಳಗಿನ ಕೈ

ಮುಡಬಿ
ತಾ. 16-2-2025, ರವಿವಾರ

ಪ್ರೀತಿಯ ಮಗಳು ವರ್ಷಾಗೆ,

ನಿನ್ನ ಅವ್ವ ಮಾಡುವ ಜೈಭೀಮ. ನೀನು, ಅಳಿಯಂದಿರು, ಕೂಸು ವಿಶಾಖಾ ಎಲ್ಲರೂ ಲಾತೂರಿನಲ್ಲಿ ಆರಾಮ ಇದ್ದೀರಿ ಅಂತ ತಿಳಿದುಕೊಂಡಿದ್ದೇನೆ. ಹಾಗೆ ತಿಳಿದುಕೊಳ್ಳದಿದ್ದರೆ ನನಗೆ ರೊಟ್ಟಿ ಇಳಿಯುವುದಿಲ್ಲ. ವಿಶಾಖಾಳನ್ನು ಶಾಲೆಗೆ ಒಯ್ಯುವ ಆಟೊದವನು ಮಕ್ಕಳನ್ನು ಅಂಚಿಗೆ ಕೂರಿಸುತ್ತಾನೆ ಅಂದಿದ್ದಿ. ನಡುವೆ ಕೂರಿಸು ಅಂತ ಹೇಳು. ಹೇಳಿದ್ದೀಯಾ? ಹೇಳಿದ್ದರೂ ಇನ್ನೊಮ್ಮೆ ಹೇಳು.

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಒಂದು ತಿಂಗಳಿಂದ ಬರೆಯುತ್ತಲೇ ಇದ್ದೇನೆ. ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಆರನೇ ಇಯತ್ತೆಯ ನಡುವೆಯೇ ಶಾಲೆ ಬಿಟ್ಟವಳು ನಾನು, ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು. ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂತೀ. ಫೋನಿನಲ್ಲಿ ನಾನು ‘ನಿಮ್ಮಪ್ಪ’ ಅನ್ನುತ್ತಲೇ ನಿನ್ನನ್ನು ವಾರ್ಡಿನಿಂದ ಯಾರೋ ಕರೆಯುತ್ತಾರೆ. ಹನ್ನೆರಡು ವರ್ಷದಿಂದ ಹಾಗೇ ಕರೆಯುತ್ತಿದ್ದಾರೆ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ. ಮಡಚಿ ಇಟ್ಟರೂ ಅದು ಮನೆಯೊಳಗೇ ಇರುತ್ತದೆ.

“ನರ್ಸಿಂಗ್ ಕಾಲೇಜಿನ ಕಾಗದಾ ಹರದು ಒಲಿಗಿ ಹಾಕಿದವನ ಸುದ್ದಿ ನನ್ನ ಮುಂದ ತಗೀಬ್ಯಾಡ” ಅಂತ ನೀನು ಹೇಳಿದ್ದು ನನಗೆ ನೆನಪಿದೆ. ಆದರೆ ಈ ಕಾಗದದ ತುಂಬ ಅವರದೇ ಸುದ್ದಿ. ಸಿಟ್ಟು ಬಂದರೆ ಸಿಟ್ಟಿನಿಂದಲೇ ಓದು. ಕೊನೆತನಕ ಮಾತ್ರ ಓದು, ಇಷ್ಟು ಬೇಡಿಕೊಳ್ಳುತ್ತೇನೆ.

ಅಕ್ಟೋಬರಿನಲ್ಲಿ ಅವರಿಗೆ ಲಕ್ವಾ ಹೊಡೆದದ್ದು ಹೇಳಿದ್ದೆ. ಆರಾಮ ಆಯಿತಾ ಅಂತ ನೀನು ಕೇಳಿದಿ, ಹೂಂ ಅಂದೆ. ಅದು ಪೂರ್ತಿ ಖರೆಯಲ್ಲ. ಬಾಯಿ ಸೊಟ್ಟಾಗಲಿಲ್ಲ, ಮಾತು ಹೋಗಲಿಲ್ಲ. ಎಡಗಾಲು ಎರಡು ವಾರ ಎಳೆದು ಸರಿಯಾಯಿತು. ಎಡಗೈ ಮಾತ್ರ ಬೇರೆಯೇ ಆಗಿಬಿಟ್ಟಿತು. ಅದರ ಶಕ್ತಿ ಹೋಗಿಲ್ಲ, ಹೇಳಿದ ಮಾತು ಕೇಳುವುದು ಹೋಗಿದೆ. ಏನು ತಾಗಿದರೂ ಗಪ್ಪನೆ ಹಿಡಿಯುತ್ತದೆ, ಹಿಡಿದರೆ ಬಿಡುವುದಿಲ್ಲ. ಬಲಗೈ ಅಂಗಿಯ ಗುಂಡಿ ಹಾಕುತ್ತ ಬಂದರೆ ಎಡಗೈ ಹಿಂದಿನಿಂದ ಬಿಚ್ಚುತ್ತ ಬರುತ್ತದೆ. ಯಾರಿಗೂ ಹೇಳಬೇಡ, ಹೆದರಿಕೆಯಲ್ಲಿ ನಾನು ಒಂದು ದಿನ ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆಯಲು ಹೋದೆ. ನಿಮ್ಮಪ್ಪ ಕೆಮ್ಮಿ ಕೆಮ್ಮಿ ಸಾಕಾದರು. ಕೈ ಮಾತ್ರ ನನ್ನ ಮೆಣಸಿನಕಾಯಿ ಕಸಿದುಕೊಂಡು ಹಿಡಿದು ಕೂತಿತು.

ಕಲ್ಯಾಣದ ದವಾಖಾನೆಗೆ ತೋರಿಸಿ ಬಸ್ಸಿನಲ್ಲಿ ಬರುವಾಗ ಆದದ್ದು ಕೇಳು. ಮುಡಬಿ ಬಂತು, ನಾನು ಇಳಿದೆ. ನಿಮ್ಮಪ್ಪನ ಎಡಗೈ ಬಾಗಿಲಿನ ಕಂಬ ಹಿಡಿದಿದೆ, ಬಿಡುವುದಿಲ್ಲ. ಕಂಡಕ್ಟರ್ ಸೀಟಿ ಬಾಯಿಗೆ ಇಟ್ಟುಕೊಂಡು ನಿಂತಿದ್ದಾನೆ.

“ಏ ಕಾಕಾ, ಇಳೀರಿ ಲಗೂನ!”

“ನಾ ಇಳ್ಯಾಕ ತಯಾರದೀನಪ. ಇವ ಒಲ್ಲ ಅನ್ನಾಕತ್ತಾನ” ಅಂತ ಕೈ ತೋರಿಸಿದರು.

“ಹಂಗಾದ್ರ ಅವನಿಗಿ ಬ್ಯಾರೆ ಟಿಕೀಟ ತಗೀರಿ!”

ಇಡೀ ಬಸ್ಸು ನಕ್ಕಿತು. ನಾನು ರಸ್ತೆಯಲ್ಲಿ ನಿಂತು ಅಳುತ್ತಿದ್ದೇನೆ, ಬಸ್ಸು ಅವರನ್ನು ಕರೆದುಕೊಂಡು ಮುಂದಿನ ಊರಿಗೆ ಹೋಯಿತು. ಟಮಟಮ ಆಟೊದಲ್ಲಿ ತಿರುಗಿ ಬಂದಾಗ ಅವರೂ ನಗುತ್ತಿದ್ದರು. ಅವತ್ತೇ ಆ ಕೈಗೆ ಸರ್ಜಾ ಅಂತ ಹೆಸರಿಟ್ಟರು, ಹಟಮಾರಿ ಎತ್ತಿಗೆ ಇಟ್ಟ ಹಾಗೆ. “ಹೋ... ಹೋ ಸರ್ಜಾ, ಬಿಡಪಾ” ಅಂತ ಮೆಲ್ಲಗೆ ಅನ್ನುತ್ತ ಬಲಗೈಯಿಂದ ಒಂದೊಂದೇ ಬೆರಳು ಬಿಡಿಸುತ್ತಾರೆ. ತಮ್ಮದೇ ಕೈಯ ಮೇಲೆ ಸಿಟ್ಟು ಮಾಡಿದ್ದು ನಾನು ಒಂದು ದಿನವೂ ನೋಡಲಿಲ್ಲ.

ಹುಮನಾಬಾದಿಗೆ ವಾರಕ್ಕೊಮ್ಮೆ ನರದ ಡಾಕ್ಟರ್ ಧನಶ್ರೀ ಅನ್ನುವವರು ಬರುತ್ತಾರೆ. ನಿನ್ನ ವಯಸ್ಸಿನವರೇ. ಅವರು ಮಿದುಳಿನ ಫೋಟೋ ಹಿಡಿದು ತೋರಿಸಿ ಹೇಳಿದರು, “ಕಾಕಾ, ಮಿದುಳಿನಾಗ ‘ಹಿಡಿ’ ಅನ್ನೋದಕ್ಕ ಒಂದು ಜಾಗಾ ಅದ, ‘ತಡಿ’ ಅನ್ನೋದಕ್ಕ ಒಂದು ಜಾಗಾ ಅದ ಅಂತ ತಿಳ್ಕೋರಿ. ಈ ಕೈಗಿ ‘ತಡಿ’ ಅನ್ನೋ ಜಾಗಾಕ್ಕ ರಕ್ತ ಹೋಗೋದು ನಿಂತಿತ್ತು.”

“ಅಂದ್ರ ಮೂಗುದಾರ ಹರದದ” ಅಂದರು ನಿಮ್ಮಪ್ಪ.

ಡಾಕ್ಟರ್ ನಕ್ಕುಬಿಟ್ಟರು. “ಹೌದ್ರಿ, ನಮ್ಮ ಪುಸ್ತಕದಾಗೂ ಇಷ್ಟು ಚಂದ ಬರದಿಲ್ಲ.”

ಅವರೇ ಒಂದು ಉಪಾಯ ಹೇಳಿಕೊಟ್ಟರು. ಆ ಕೈಗೆ ಯಾವಾಗಲೂ ಏನಾದರೂ ಹಿಡಿದುಕೊಳ್ಳಲು ಕೊಟ್ಟಿರಬೇಕು, ಆಗ ಬೇರೆಯದಕ್ಕೆ ಹೋಗುವುದಿಲ್ಲ. ನಿಮ್ಮಪ್ಪ ದನ ಕಟ್ಟುವ ಹಳೇ ಕಣ್ಣಿಯಿಂದ ಗೇಣುದ್ದ ಹಗ್ಗ ಕತ್ತರಿಸಿದರು. ಹಗ್ಗ ಹಿಡಿದರೆ ಸರ್ಜಾ ಕೂಸಿನ ಹಾಗೆ ಸುಮ್ಮನಿರುತ್ತಾನೆ.

ನಾನು ಹೊರಗೆ ಬಂದವಳು ತಿರುಗಿ ಒಳಗೆ ಹೋಗಿ ಕೇಳಿದೆ. “ಡಾಕ್ಟರಬಾಯಿ, ನನಗ ದಿನಾ ಎದಿ ಹೊಡಕೋತದ. ಬಾಗಲಾ ಹಾಕೀನೋ ಇಲ್ಲೋ ಅಂತ ನಾಕ್ ಸಲ ನೋಡಿ ಬರ್ತೀನಿ. ನನ್ನ ಅಂಜಿಕಿಗೂ ಮಿದುಳೇ ಕಾರಣ ಇರಬೇಕಲ್ರಿ?”

“ಇರಬಹುದ್ರಿ ಅವ್ವಾ. ಅದಕ್ಕೂ ಗುಳಿಗಿ ಅವ.”

“ಹಂಗಾದ್ರ ಅಂಜಿಕಿಲೆ ಮಾಡಿದ್ದು ತಪ್ಪಲ್ಲೇನ್ರಿ?”

ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. “ಅದಕ್ಕ ನನ್ನ ಹಂತ್ಯಾಕ ಗುಳಿಗಿ ಇಲ್ರಿ” ಅಂದರು. ಯಾಕೆ ಕೇಳಿದೆ ಅನ್ನುವುದನ್ನು ಆಮೇಲೆ ಬರೆಯುತ್ತೇನೆ.

ಈಗ ದನದ ಬಜಾರಿನ ಸುದ್ದಿ. ನೀನು ಐದು ವರ್ಷದವಳಿದ್ದಾಗ ಹಟ ಹಿಡಿದು ಅಪ್ಪನ ಜೊತೆ ಹುಮನಾಬಾದಿನ ಬಜಾರಿಗೆ ಹೋಗಿದ್ದಿ. ಮಾರುವವನ ಕಡೆಯ ದಲಾಲ, ಕೊಳ್ಳುವವನ ಕಡೆಯ ದಲಾಲ ಎದುರುಬದುರು ಕೂತು, ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹಾಸಿಕೊಂಡು, ಅದರ ಕೆಳಗೆ ಬೆರಳು ಹಿಡಿದು ಎತ್ತಿನ ಬೆಲೆ ಮಾತಾಡುತ್ತಾರೆ. ಸುತ್ತ ನಿಂತವರಿಗೆ ತಿಳಿಯಬಾರದಲ್ಲ. ನೀನು ವಲ್ಲಿ ಎತ್ತಿ, “ಅಪ್ಪಾ, ಒಳಗ ಗುಬ್ಬಿ ಅದೇನು?” ಅಂತ ಕೇಳಿದ್ದಿ. ಅದನ್ನು ಇವತ್ತಿಗೂ ಬಜಾರಿನವರು ನೆನೆಸುತ್ತಾರೆ. ಬೆರಳು ಹಿಡಿದಿರುವತನಕ ಚೌಕಾಶಿ. ಇಡೀ ಅಂಗೈ ಬಿಗಿಯಾಗಿ ಹಿಡಿದರೆ ಮಾತು ಮುಗಿಯಿತು. ಆಮೇಲೆ ಕಲೆಕ್ಟರ್ ಸಾಹೇಬರು ಬಂದು ನಿಂತರೂ ತಿರುಗಿಸುವಂತಿಲ್ಲ.

ಒಂದು ವಿಷಯ ನಿನಗೆ ಗೊತ್ತಿಲ್ಲ, ಅವರು ಹೇಳಿರಲಿಕ್ಕಿಲ್ಲ. ಅವರು ಹೊಸದಾಗಿ ಈ ಕೆಲಸಕ್ಕೆ ಇಳಿದಾಗ ನಮ್ಮ ಕೇರಿಯವರು ಬೇರೆಯವರ ದನ ಹೊಡೆದುಕೊಂಡು ಬಜಾರಕ್ಕೆ ಹೋಗಬಹುದಿತ್ತು, ನೀರು ಕುಡಿಸಬಹುದಿತ್ತು, ವಲ್ಲಿಯ ಕೆಳಗೆ ಕೈ ಇಡುವಂತಿರಲಿಲ್ಲ. ಇವರು ಕೈ ಚಾಚಿ ಕೂತರೆ ಎದುರಿನವರು ತಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ಬೆರಳು ಹಿಡಿಯುತ್ತಿದ್ದರು. ಸಾವಕಾರ ಬಸವಣಪ್ಪನವರು ಗೊತ್ತಲ್ಲ, ಅವರೂ ಸುತ್ತಿಕೊಂಡವರೇ. ಕೊನೆಗೆ ನಿಮ್ಮಪ್ಪ, “ಬರಿಗೈ ಹಿಡಿಯೋರಿದ್ರ ಕೂಡ್ತೀನಿ, ಇಲ್ಲಂದ್ರ ಇಲ್ಲ” ಅಂದುಬಿಟ್ಟರು. ಎರಡು ವರ್ಷ ಯಾರೂ ಕರೆಯಲಿಲ್ಲ. ನಾವು ಕೂಲಿ ಮಾಡಿ ಉಂಡೆವು. ಆದರೆ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ, ಇರುವ ಐಬು ಮುಚ್ಚಿಡದೆ ಹೇಳುವುದರಲ್ಲಿ ಅವರಂಥವರು ಇರಲಿಲ್ಲ. ಒಬ್ಬೊಬ್ಬರಾಗಿ ತಾವೇ ಬಂದು ಬರಿಗೈ ಹಿಡಿದರು. ನಾನು ಆಗ ಹೊಸ ಸೊಸೆ. ಮೊದಲ ದಿನ ಮನೆಗೆ ಬಂದು ಅವರು ತಮ್ಮ ಅಂಗೈಯನ್ನೇ ನೋಡುತ್ತ ಕೂತದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ.

ಸಂಕ್ರಾಂತಿ ಆದ ಮೇಲಿನ ಸಂತೆಗೆ ಕೊಡಂಬಲದ ಮಚ್ಚೇಂದ್ರ ತನ್ನ ಜೋಡಿ ಎತ್ತು ಮಾರುವುದಿತ್ತು. ಮೊಣಕಾಲು ಹೋಗಿವೆ, ಇನ್ನು ನೇಗಿಲ ಹಿಂದೆ ನಡೆಯಲಾರ. ಎತ್ತು ಮಾರಿ ಹಾಲಿನ ಎಮ್ಮೆ ಕಟ್ಟಬೇಕು, ಡೇರಿಗೆ ಹಾಲು ಹಾಕಬೇಕು ಅಂತ ಅವನ ಲೆಕ್ಕ. “ದಿಗಂಬರಣ್ಣಾ, ನೀವೇ ಬರಬೇಕು” ಅಂತ ಮನೆತನಕ ಬಂದು ಕೂತ. ಲಕ್ವಾ ಹೊಡೆದ ಮೇಲೆ ಯಾರೂ ಕರೆದಿರಲಿಲ್ಲ. ನಿಮ್ಮಪ್ಪನ ಮುಖ ಹಬ್ಬದ ಹಾಗಾಯಿತು. ನಾನು ಮಾತ್ರ ಬೇಡ ಅಂದೆ, ಕೇಳಲಿಲ್ಲ. ನಾನೂ ಬರುತ್ತೇನೆ ಅಂತ ಚೀಲ ಹಿಡಿದು ಹೊರಟೆ.

ಹುಮನಾಬಾದಿನಲ್ಲಿ ಬಸ್ಸಿಳಿದವರೇ ಎಡಗೈಯಿಂದ ಹಗ್ಗ ಬಿಡಿಸಿ ನನ್ನ ಚೀಲಕ್ಕೆ ಹಾಕಿದರು.

“ಇರಲಿ ಬಿಡ್ರಿ, ಯಾಕ ತಗದ್ರಿ?”

“ಕೂಸಿನಂಗ ಹಗ್ಗ ಹಿಡಕೊಂಡು ಬಜಾರದಾಗ ಹೋಗ್ಲೇನು? ಮಂದಿ ನಗ್ತಾರ. ಇವತ್ತೊಂದಿನ ವರ್ಷಾನವ್ವಾ, ಒಂದಿನ.”

ನನ್ನನ್ನು ಅವರು ಹೆಸರು ಹಿಡಿದು ಕರೆಯುವುದಿಲ್ಲ, ನಿನಗೆ ಗೊತ್ತು. ನೀರು ಬೇಕಾದರೂ ವರ್ಷಾನವ್ವಾ, ಚಷ್ಮಾ ಬೇಕಾದರೂ ವರ್ಷಾನವ್ವಾ. ನೀನು ಅವರ ಹೆಸರು ಎತ್ತದ ಈ ಹನ್ನೆರಡು ವರ್ಷ ಅವರು ದಿನಕ್ಕೆ ಐವತ್ತು ಸಲ ನಿನ್ನ ಹೆಸರು ಕರೆದಿದ್ದಾರೆ.

ಕೊಳ್ಳುವವನು ಜಹೀರಾಬಾದಿನವ. ಅವನ ಕಡೆಯ ದಲಾಲ ಇರ್ಫಾನ. ಚಾಚಾ ಚಾಚಾ ಅಂತ ನಿಮ್ಮಪ್ಪನ ಹಿಂದೆ ತಿರುಗಿ ಕೆಲಸ ಕಲಿತವ. ವಲ್ಲಿ ಹಾಸಿಕೊಂಡು ಕೂತರು. ನಾನು ಬೇವಿನ ಗಿಡದ ಕೆಳಗೆ ನಿಂತು ನೋಡುತ್ತಿದ್ದೆ. ಇರ್ಫಾನ ಮೊದಲು ಕೇಳುವ ಹಾಗೆ ತೀರಾ ಕಮ್ಮಿ ಕೇಳಿದ್ದಾನೆ, ನಿಮ್ಮಪ್ಪ ನಕ್ಕು ಬಲಗೈ ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಅಷ್ಟರಲ್ಲಿ ಒಂದು ಟೆಂಪೋ ಹಾರ್ನ್ ಹೊಡೆಯಿತು. ಮಚ್ಚೇಂದ್ರನ ಬಲಗಡೆಯ ಎತ್ತು ಬೆದರಿತು. ನಿಮ್ಮಪ್ಪ ತಟ್ಟನೆ ಹೊರಳಿ ಬಲಗೈಯಿಂದ ಮೂಗುದಾರ ಹಿಡಿದರು. ಎಡಗೈ ವಲ್ಲಿಯ ಕೆಳಗೆ ನುಗ್ಗಿ ಇರ್ಫಾನನ ಅಂಗೈ ಹಿಡಿಯಿತು. ಪೂರ್ತಿ, ಬಿಗಿಯಾಗಿ.

“ಚಾಚಾ?” ಅಂದ ಇರ್ಫಾನ. ಅವನ ಮುಖ ಬಿಳಚಿತು. ಹಿಂದೆ ನಿಂತ ಗಿರಾಕಿ ವಲ್ಲಿ ಬಿಗಿದದ್ದನ್ನು ನೋಡಿಬಿಟ್ಟಿದ್ದ. “ಹೋಗಯಾ, ಹೋಗಯಾ!” ಅಂತ, ವ್ಯಾಪಾರ ಆಗಿಹೋಯಿತು ಅನ್ನುತ್ತ ಚಪ್ಪಾಳೆ ತಟ್ಟಿದ.

ನಾನು ಓಡಿದೆ. ಚೀಲದಿಂದ ಹಗ್ಗ ತೆಗೆದು ಕೈಗೆ ತಾಗಿಸಿದ ಮೇಲೆ ಸರ್ಜಾ ಇರ್ಫಾನನನ್ನು ಬಿಟ್ಟು ಹಗ್ಗ ಹಿಡಿದ. ಆದರೆ ಆಗುವುದು ಆಗಿ ಹೋಗಿತ್ತು. ಮಚ್ಚೇಂದ್ರ ಎತ್ತಿನ ಕಾಲ ಹತ್ತಿರ ನೆಲಕ್ಕೆ ಕೂತ. ಆ ಬೆಲೆಗೆ ಅವನಿಗೆ ಎಮ್ಮೆಯಲ್ಲ, ಎಮ್ಮೆಯ ಬಾಲವೂ ಬರುವುದಿಲ್ಲ.

ಇಲ್ಲಿಗೆ ನಿಲ್ಲಿಸುತ್ತೇನೆ ಮಗಾ. ಬರೆಯುತ್ತ ಬರೆಯುತ್ತ ಕೈ ಬೆವರುತ್ತಿದೆ, ಶಾಯಿ ಹರಡುತ್ತದೆ.

ಸೋಮವಾರ

ನಿನ್ನೆ ಬರೆಯುವುದು ನಿಲ್ಲಿಸಿ ಎಮ್ಮೆಗೆ ನೀರು ಇಡಲು ಬಕೆಟ್ ತುಂಬಿಕೊಂಡು ಹೋದೆ. ಗೂಟದ ಹತ್ತಿರ ಹೋದ ಮೇಲೆ ಎಮ್ಮೆ ಇಲ್ಲ ಅನ್ನುವುದು ನೆನಪಾಯಿತು. ಯಾಕೆ ಇಲ್ಲ ಅನ್ನುವುದನ್ನು ಹೇಳುತ್ತೇನೆ.

ಬಜಾರಿನಲ್ಲಿ ಮಂದಿ ಕೂಡಿದರು. ಇರ್ಫಾನ ಒಳ್ಳೆಯವ. ಎಲ್ಲರ ಎದುರೇ ಹೇಳಿದ, “ಚಾಚಾ, ನಿಮ್ಮ ಕೈಗಿ ಬಿಮಾರಿ ಅದ ಅಂತ ಎಲ್ಲರಿಗಿ ಗೊತ್ತದ. ‘ಅದು ನನ್ನ ಕೈ ಅಲ್ಲ’ ಅಂತ ಒಂದು ಮಾತು ಅನ್ರಿ, ಸಾಕು. ಗಿರಾಕಿಗಿ ನಾ ಸಮಜಾಯಿಸ್ತೀನಿ. ವ್ಯಾಪಾರ ಕ್ಯಾನ್ಸಲ್.”

ನಾನು ಅವಸರವಾಗಿ ಡಾಕ್ಟರ್ ಬರೆದ ಚೀಟಿ ತೆಗೆದು ತೋರಿಸಿದೆ. “ಖರೇನ್ರಿ, ಅವರದೇನೂ ತಪ್ಪಿಲ್ರಿ, ಮಿದುಳಿಂದು ಅದ” ಅಂತ ಸಿಕ್ಕಸಿಕ್ಕವರಿಗೆ ತೋರಿಸಿದೆ. ಚಹಾ ಮಾರುವವನಿಗೂ ತೋರಿಸಿದೆ. ಅನ್ರಿ, ಅಂದುಬಿಡ್ರಿ ಅಂತ ನನ್ನ ಜೀವ ಕೂಗುತ್ತಿತ್ತು.

ನಿಮ್ಮಪ್ಪ ಬಲಗೈಯಿಂದ ಆ ಚೀಟಿ ತೆಗೆದುಕೊಂಡು, ಮಡಚಿ, ನನ್ನ ಚೀಲಕ್ಕೇ ಹಾಕಿದರು.

“ಇರ್ಫಾನ್, ನನ್ನ ಕೈ ಹಿಡೀರಿ, ಇದೂ ಮನಷ್ಯಾನ ಕೈ ಅದ ಅಂತ ಹೇಳ್ಕೋತ ಇದೇ ಬಜಾರದಾಗ ಎಷ್ಟು ವರ್ಷ ತಿರಗೀನಿ. ಇವತ್ತು ಲುಕ್ಸಾನ ಆತಂತ ಇದು ನನ್ನ ಕೈ ಅಲ್ಲ ಅನ್ಲೇನು?”

ಇರ್ಫಾನ ತಲೆಯ ಮೇಲಿನ ಟೋಪಿ ತೆಗೆದು ಸುಮ್ಮನೆ ಮತ್ತೆ ಹಾಕಿಕೊಂಡ. ನಿಮ್ಮಪ್ಪ ಮಚ್ಚೇಂದ್ರನ ರಟ್ಟೆ ಹಿಡಿದು ಎಬ್ಬಿಸಿದರು. “ಏಳೋ. ಎತ್ತು ಹೋದ್ವು, ಹೋಗಲಿ. ನಿನಗ ಬೇಕಾಗಿದ್ದು ಎಮ್ಮಿ ಹೌದಿಲ್ಲೋ? ನಮ್ಮನಿಗಿ ನಡಿ.”

ನಮ್ಮ ಎಮ್ಮೆ ಗಬ್ಬ ಇತ್ತು. ಇನ್ನೊಂದು ತಿಂಗಳಿಗೆ ಈಯುವುದಿತ್ತು. ನಾನು ಅದನ್ನು ಕರುವಿನಿಂದ ಸಾಕಿದವಳು. ಮಚ್ಚೇಂದ್ರ ಒಲ್ಲೆ ಒಲ್ಲೆ ಅಂದ. ಅವನ ಕೈಗೆ ಕಣ್ಣಿ ಕೊಟ್ಟು, ಯಾವ ಕಡೆ ಮೈ ತುರಿಸಿದರೆ ಹಾಲು ಬಿಡುತ್ತದೆ ಅನ್ನುವುದನ್ನು ಕೂಡ ಹೇಳಿ ಕಳಿಸಿದರು. ನಾನು ಒಳಗೆ ಹೋಗಿ ಪಾತ್ರೆ ಜೋರಾಗಿ ಇಟ್ಟೆ. ಸಿಟ್ಟು ತೋರಿಸಲು ನನಗೆ ಅಷ್ಟೇ ಬರುತ್ತದೆ.

ಆಮೇಲೆ ಕೇಳಿಯೇಬಿಟ್ಟೆ. “ನಿಮ್ಮ ತಪ್ಪಲ್ಲಂತ ಓದಿದೋರು ಬರದು ಕೊಟ್ಟಾರ. ನಿಮಗ ಅವರಿಗಿಂತ ಹೆಚ್ಚು ತಿಳೀತದೇನು?”

ಕಟ್ಟೆಯ ಮೇಲೆ ಕೂತಿದ್ದರು. ಎಡಗೈಯಲ್ಲಿ ಹಗ್ಗ ಇತ್ತು. ಅದನ್ನೇ ನೋಡುತ್ತ ಹೇಳಿದರು, “ಡಾಕ್ಟರ್ ಹೇಳಿದ್ದು ಖರೆ ಅದ. ಇರ್ಫಾನನ ಕೈ ಹಿಡದಾಂವ ಸರ್ಜಾ, ಅದು ನನ್ನ ತಪ್ಪಲ್ಲ. ಆದ್ರ ಮೂಗುದಾರ ಇಲ್ಲದ ಎತ್ತು ಸಂತ್ಯಾಗ ಹೊಡಕೊಂಡು ಹೋದಾಂವ ಯಾರು? ಹಗ್ಗ ಬಿಡಿಸಿ ನಿನ್ನ ಚೀಲದಾಗ ಹಾಕಿದ್ದು ಯಾವ ಕೈ?” ಬಲಗೈ ಎತ್ತಿ ತೋರಿಸಿದರು. “ಇದು. ಇದರ ಮಿದುಳಿಗಿ ಏನೂ ಆಗಿಲ್ಲ. ಮಂದಿ ನಗ್ತಾರಂತ ತಗದೆ. ಎತ್ತು ಹಾಯ್ದ್ರ ಪಂಚಾಯ್ತಿಗಿ ಎತ್ತಿನ್ನ ಕರಿಯೋದಿಲ್ಲ ವರ್ಷಾನವ್ವಾ, ಎತ್ತಿನ ಮಾಲಕನ್ನ ಕರೀತಾರ.”

ಈ ಮಾತು ಕೇಳಿದಾಗಿನಿಂದ ನನಗೆ ಅಡುಗೆ ಮನೆಯ ಜೋಳದ ಡಬ್ಬಿ ಮುಟ್ಟಲು ಆಗುತ್ತಿಲ್ಲ.

ಮುಂದಿನ ಸಂತೆಗೆ ನನ್ನನ್ನು ಕರೆದುಕೊಂಡು ಮತ್ತೆ ಹೋದರು, ಈ ಸಲ ಹಗ್ಗ ಹಿಡಿದುಕೊಂಡೇ. ಕೂಸುಗಳು ನಕ್ಕವು, ಅವರೂ ನಕ್ಕರು. ದಲಾಲರೆಲ್ಲ ಕೂರುವ ಕಟ್ಟೆಗೆ ಹೋಗಿ, ಹೆಗಲ ಮೇಲಿನ ವಲ್ಲಿ ತೆಗೆದು ಇರ್ಫಾನನ ಹೆಗಲಿಗೆ ಹಾಕಿ, “ಇನ್ನ ನನ್ನ ಕೈ ವಲ್ಲಿ ಕೆಳಗ ಬರೋದಿಲ್ಲ. ಹಲ್ಲು ನೋಡಾಕ ಕರೀರಿ, ಬರ್ತೀನಿ. ಮಾತು ಮುಗಿಸಾಕ ಕರೀಬ್ಯಾಡ್ರಿ” ಅಂದರು. ಇಷ್ಟು ವರ್ಷದ ಕೆಲಸ, ಎರಡು ಮಾತಿನಲ್ಲಿ ಇಳಿಸಿಟ್ಟರು. ಇರ್ಫಾನ ಅತ್ತುಬಿಟ್ಟ.

ಆಗ ಸಾವಕಾರ ಬಸವಣಪ್ಪನವರು ಕೋಲೂರಿಕೊಂಡು ಬಂದರು. ಎಂಬತ್ತರ ಮೇಲಾಗಿದೆ ಅವರಿಗೆ. ನಿಮ್ಮಪ್ಪ ನಮಸ್ಕಾರ ಮಾಡಲು ಬಲಗೈ ಎತ್ತಿದರು. ಆ ಮುದುಕರು ಅದನ್ನು ಬಿಟ್ಟು, ಹಗ್ಗ ತೆಗೆದು ಪಕ್ಕಕ್ಕಿಟ್ಟು, ಎಡಗೈಯನ್ನೇ ತಮ್ಮ ಎರಡೂ ಬರಿಗೈಯಲ್ಲಿ ಹಿಡಿದುಕೊಂಡರು. ಸರ್ಜಾ ಸುಮ್ಮನಿರುತ್ತಾನೆಯೇ? ಹಿಡಿದೇ ಹಿಡಿದ. ಒಂದು ಕೈ ಬಿಡಿಸಿಕೊಂಡರು, ಇನ್ನೊಂದು ಬರಲಿಲ್ಲ. ಸಾವಕಾರರು ಅಲ್ಲೇ ಕಟ್ಟೆಯ ಮೇಲೆ ನಿಮ್ಮಪ್ಪನಿಗೆ ಅಂಟಿಕೊಂಡು ಕೂತರು. ಚಹಾ ಬಂತು, ಇಬ್ಬರೂ ಉಳಿದ ಒಂದೊಂದು ಕೈಯಿಂದ ಕುಡಿದರು.

“ಏನೋ ದಿಗಂಬರಾ, ಅವತ್ತು ಅರಿಬಿ ಸುತಗೊಂಡು ಹಿಡದಿದ್ದೆ ಅಂತ ಇವತ್ತು ವಸೂಲಿ ಮಾಡಾಕತ್ತಿಯೇನು?”

“ನನಗ ಕೇಳಬ್ಯಾಡ್ರಿ ಸಾವಕಾರ್ರ, ಕೈಗಿ ಕೇಳ್ರಿ.”

ಬಜಾರಿಗೆ ಬಜಾರೇ ನಕ್ಕಿತು. ಸಾವಕಾರರು ನಗಲಿಲ್ಲ. ತಲೆ ಬಗ್ಗಿಸಿ, “ಆ ಅರಿಬಿ ಸುತ್ತಿದ್ದು ನನ್ನ ಕೈನೇ. ಹಿರ್ಯಾರು ಕಲಿಸಿದ್ರು ಅಂತ ಇಷ್ಟ ದಿನ ಅನಕೋತ ಬಂದೆ” ಅಂದರು. ಅಷ್ಟೇ ಅಂದರು. ನಾನು ಬೇವಿನ ಗಿಡದ ಕೆಳಗೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದೆ.

ಇಂಥ ಮನುಷ್ಯನ ಜೊತೆ ಮೂವತ್ತೈದು ವರ್ಷ ಬಾಳಿದ್ದೇನೆ ಅನ್ನುವುದು ನನಗೆ ಈಗ ತಿಳಿಯುತ್ತಿದೆ. ಇಷ್ಟು ದಿನ ಬಾಗಿಲ ಕೀಲಿ ನೋಡುವುದರಲ್ಲೇ ಹೋಯಿತು. ನಿನ್ನ ದವಾಖಾನೆಯಲ್ಲಿ ದೊಡ್ಡ ದೊಡ್ಡ ಓದಿನವರು ಇರುತ್ತಾರೆ, ನಿಮ್ಮಪ್ಪನಷ್ಟು ತಿಳಿದವರು ಎಷ್ಟು ಮಂದಿ ಇದ್ದಾರೋ ನನಗೆ ಗೊತ್ತಿಲ್ಲ.

ಮಚ್ಚೇಂದ್ರನ ಮನೆಯಲ್ಲಿ ಎಮ್ಮೆ ಮೊನ್ನೆ ಈಯಿತಂತೆ, ಹೆಣ್ಣುಗರು. ಗಿಣ್ಣದ ಹಾಲು ಕೊಟ್ಟು ಕಳಿಸಿದ್ದ. ನಿಮ್ಮಪ್ಪ ಅರ್ಧ ಉಂಡು ಅರ್ಧ ನನಗೆ ಇಟ್ಟರು.

ವಾರ್ಡಿನಲ್ಲಿ ಕೆಲಸ ಮುಗಿಸಿದ ಮೇಲೆ ಮೊಣಕೈತನಕ ತೊಳೆದುಕೋ. ಬೇಸಿಗೆ ಬರುತ್ತಿದೆ, ಕೂಸಿಗೆ ಬಿಸಿಲಲ್ಲಿ ಆಡಲು ಬಿಡಬೇಡ. ಗ್ಯಾಸಿನ ಕೆಳಗಿನ ಗುಂಡಿಯನ್ನೂ ಬಂದ್ ಮಾಡು, ಮೇಲಿನದೊಂದೇ ಸಾಲದು. ನೀನು, ನಿನ್ನ ಮನೆ, ನಿನ್ನ ಕೂಸು ತಣ್ಣಗಿರಲಿ. ನನ್ನ ಅಂಜಿಕೆ ನಿನ್ನ ಮಗಳಿಗೆ ಬಾರದಿರಲಿ, ಅವಳು ಎಲ್ಲಿಗೆ ಹೋಗುತ್ತೇನೆ ಅಂದರೂ ಹೋಗಲಿ. ಇದೇ ನನ್ನ ಆಶೀರ್ವಾದ.

ನಿನ್ನ ಅವ್ವ,
ಮೀರಾಬಾಯಿ

ತಾ.ಕ.: ಸಹಿ ಮಾಡಿದ ಮೇಲೂ ಪೆನ್ನು ಕೆಳಗಿಡಲು ಆಗಲಿಲ್ಲ. ಈ ಕಾಗದ ಬರೆದದ್ದೇ ಇದಕ್ಕೆ.

ಲಕೋಟೆಯಲ್ಲಿ ಇನ್ನೊಂದು ಕಾಗದ ಇದೆ. ಹಳೆಯದು, ಹಳದಿಯಾಗಿದೆ, ಜೋಳದ ವಾಸನೆ ಬರುತ್ತದೆ. ಅದು ಕಲಬುರಗಿಯ ನರ್ಸಿಂಗ್ ಕಾಲೇಜಿನಿಂದ ನಿನಗೆ ಬಂದದ್ದು. ನಿಮ್ಮಪ್ಪ ಅದನ್ನು ಹರಿಯಲಿಲ್ಲ, ಒಲೆಗೆ ಹಾಕಲಿಲ್ಲ. ಅವರು ಅದನ್ನು ನೋಡಿಯೇ ಇರಲಿಲ್ಲ. ಅಂಚೆಯವ ನನ್ನ ಕೈಯಲ್ಲಿ ಕೊಟ್ಟ. ಕಲಬುರಗಿ, ಹಾಸ್ಟೆಲು ಅನ್ನುವ ಅಕ್ಷರ ಓದುತ್ತಲೇ ನನಗೆ ಬಸ್ಸು ಉರುಳಿದ್ದು, ನೀನು ಜ್ವರದಲ್ಲಿ ಒಬ್ಬಳೇ ಮಲಗಿದ್ದು, ಏನೇನೋ ಕಣ್ಣಿಗೆ ಬಂತು. ಎದೆ ಹೊಡೆದುಕೊಂಡಿತು. ಕೈ ತಾನೇ ಜೋಳದ ಡಬ್ಬಿಯ ತಳಕ್ಕೆ ಹೋಯಿತು.

ಅವತ್ತಿನದು ಅಂಜಿಕೆಯ ಕೈ ಅನ್ನೋಣ. ಆದರೆ ಕಾಲೇಜಿನವರು ಕೊಟ್ಟ ಕಡೆಯ ತಾರೀಖಿಗೆ ಇನ್ನೂ ಹನ್ನೊಂದು ದಿನ ಇತ್ತು ವರ್ಷಾ. ಹನ್ನೊಂದು ದಿನವೂ ಅದೇ ಡಬ್ಬಿಗೆ ಕೈ ಹಾಕಿ ಜೋಳ ತೆಗೆದೆ. ಕಾಗದ ಬೆರಳಿಗೆ ತಾಗುತ್ತಿತ್ತು. ಅದೇ ಜೋಳದ ರೊಟ್ಟಿ ನಿನಗೆ ಬಡಿಸಿದೆ. ನೀನು ದಿನಾ ಅಂಚೆಯವನ ದಾರಿ ನೋಡುತ್ತ ಉಂಡಿ. ಅದು ಯಾವ ಕೈ?

ತಾರೀಖು ದಾಟಿದ ಮೇಲೆ, ಕಾಗದ ಮನೆಗೆ ಕೊಟ್ಟಿದ್ದೆ ಅಂತ ಅಂಚೆಯವ ನಿನಗೆ ಹೇಳಿದ, ನೀನು ಬಂದು ಅಪ್ಪನ ಎದುರು ನಿಂತು ಕಿರುಚಿದಿ. ಅವರು ನಿನ್ನನ್ನಲ್ಲ, ನನ್ನ ಮುಖ ನೋಡಿದರು. “ಹೌದು, ನಾನೇ ಹರದು ಒಲಿಗಿ ಹಾಕ್ದೆ” ಅಂದರು. ನೀನು ಹೋದ ಮೇಲೆ ನನಗೆ ಹೇಳಿದ್ದು ಒಂದೇ ಮಾತು. “ಅಪ್ಪನ ಕೂಡ ಮಾತು ಬಿಟ್ರ ನಡೀತದ. ಅವ್ವನ ಕೂಡ ಬಿಟ್ರ ಅಕೀಗಿ ತವರಮನಿ ಇರೋದಿಲ್ಲ.” ನರ್ಸ್ ಆಗಬೇಕಾದವಳು ವಾರ್ಡಿನಲ್ಲಿ ಆಯಾ ಆದಿ. ಅವರು ಹನ್ನೆರಡು ವರ್ಷ ನನ್ನ ಕೈಯನ್ನು ತಮ್ಮದು ಅಂತ ಹೊತ್ತರು. ನಾನು ಹೊರಲು ಬಿಟ್ಟೆ. ಆ ಕೈ ನನ್ನದು ಮಗಾ. ಸಿಟ್ಟು ಈ ಕಡೆ ಹೊರಳಿಸು.

ಇಲ್ಲಿತನಕ ಬರೆದದ್ದನ್ನು ಈಗ ಅವರಿಗೆ ಓದಿ ಹೇಳಿದೆ. ತಲೆ ಅಲ್ಲಾಡಿಸಿ ಬೇಡ ಅಂದರು. ಕಳಿಸುತ್ತೇನೆ ಅಂತ ಲಕೋಟೆ ಎತ್ತಿದೆ, ಅದು ಎಡಗೈಗೆ ತಾಗಿತು. ಸರ್ಜಾ ಹಿಡಿದುಬಿಟ್ಟ. ನಾನು ಎಳೆಯಲಿಲ್ಲ, ಹಗ್ಗ ಕೊಡಲೂ ಇಲ್ಲ, ಸುಮ್ಮನೆ ನಿಂತೆ. ಆಮೇಲೆ ಅವರು ಬಲಗೈ ತಂದು, ಒಂದೊಂದೇ ಬೆರಳು ತಾವೇ ಬಿಡಿಸಿ, ಲಕೋಟೆಯನ್ನು ನನ್ನ ಕೈಗೆ ಇಟ್ಟರು.

ಲಕೋಟೆಯ ಮೂಲೆ ಮುದುಡಿರುವುದು ಅದಕ್ಕೆ. ಸರಿ ಮಾಡಲಿಲ್ಲ, ಹಾಗೇ ಕಳಿಸುತ್ತಿದ್ದೇನೆ.